ಹೀಟ್ ಪಂಪ್ ಆರಿಸುವ ಮುನ್ನ ಮನೆಯನ್ನು ಅಳೆಯುವುದು: ನನ್ನ ಅನುಭವ

ಗಾಳಿಯಿಂದ ಶಾಖ ಎಳೆಯುವುದನ್ನು ಹಾಕಿಸಬೇಕೋ, ನೆಲದಿಂದ ಎಳೆಯುವುದನ್ನೋ ಎಂಬ ಪ್ರಶ್ನೆಯನ್ನು ನಾನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದಕ್ಕೂ ಮೊದಲು ಎರಡು ಅಂಕಿ ಕೈಯಲ್ಲಿರಬೇಕು. ಅತಿ ಚಳಿಯ ದಿನ ಮನೆ ಎಷ್ಟು ಕಿಲೋವ್ಯಾಟ್ ಶಾಖ ಕಳೆದುಕೊಳ್ಳುತ್ತದೆ ಎಂಬುದು ಒಂದು. ಆ ದಿನ ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳಿಗೆ ಎಷ್ಟು ಡಿಗ್ರಿ ಬಿಸಿನೀರು ಹೋಗಬೇಕು ಎಂಬುದು ಇನ್ನೊಂದು.

ಹೀಟ್ ಪಂಪ್ ಹೊರಗಿನ ಶಾಖವನ್ನು ಎತ್ತಿ ಒಳಗೆ ತರುತ್ತದೆ. ಬಾವಿಯಿಂದ ನೀರು ಸೇದುವಾಗ ಆಳ ಹೆಚ್ಚಿದಷ್ಟೂ ರಟ್ಟೆಗೆ ಕೆಲಸ ಹೆಚ್ಚುವ ಹಾಗೆ, ಹೊರಗಿನ ತಾಪಕ್ಕೂ ಒಳಗೆ ಹರಿಯುವ ನೀರಿನ ತಾಪಕ್ಕೂ ಅಂತರ ಹೆಚ್ಚಿದಷ್ಟೂ ಯಂತ್ರದ ಕಂಪ್ರೆಸರ್ ಹೆಚ್ಚು ಕರೆಂಟು ತಿನ್ನುತ್ತದೆ. ಹೊರಗೆ 7 ಡಿಗ್ರಿ ಇದ್ದು ನೀರು 35 ಡಿಗ್ರಿ ಸಾಕಾದರೆ, ಒಳ್ಳೆಯ ಯಂತ್ರ 1 ಯೂನಿಟ್ (ಕಿಲೋವ್ಯಾಟ್-ಗಂಟೆ) ಕರೆಂಟಿಗೆ 4ರಿಂದ 5 ಯೂನಿಟ್ ಶಾಖ ಕೊಡುತ್ತದೆ. ಅದೇ ಯಂತ್ರದಿಂದ 55 ಡಿಗ್ರಿ ನೀರು ಕೇಳಿದರೆ 3ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ದುಬಾರಿ ಯಂತ್ರಕ್ಕೆ ಹಾಕುವ ಹಣಕ್ಕಿಂತ ನೀರಿನ ತಾಪ ಇಳಿಸಲು ಹಾಕುವ ಹಣ ಬಹಳ ಸಲ ಹೆಚ್ಚು ಫಲ ಕೊಡುತ್ತದೆ.

ಶಾಖನಷ್ಟವನ್ನು ನಾನು ಎರಡು ದಾರಿಯಲ್ಲಿ ಲೆಕ್ಕ ಹಾಕಿ ತಾಳೆ ನೋಡುತ್ತೇನೆ. ಮೊದಲನೆಯದು ಕೋಣೆವಾರು ಲೆಕ್ಕ. ಗೋಡೆ, ಕಿಟಕಿ, ಸೂರು, ನೆಲ ಪ್ರತಿಯೊಂದರ ವಿಸ್ತೀರ್ಣವನ್ನು ಅದರ ಯು-ಮೌಲ್ಯದಿಂದಲೂ (1 ಡಿಗ್ರಿ ಅಂತರಕ್ಕೆ ಚದರ ಮೀಟರಿನಿಂದ ಎಷ್ಟು ವ್ಯಾಟ್ ಸೋರುತ್ತದೆ ಎಂಬ ಅಂಕಿ) ತಾಪದ ಅಂತರದಿಂದಲೂ ಗುಣಿಸಿ ಕೂಡಬೇಕು. ಗಾಳಿ ಸೋರುವುದಕ್ಕೆ 0.33ನ್ನು ಕೋಣೆಯ ಘನ ಮೀಟರ್, ಗಂಟೆಗೆ ಗಾಳಿ ಬದಲಾಗುವ ಸಲ ಮತ್ತು ತಾಪದ ಅಂತರ ಈ ಮೂರರಿಂದ ಗುಣಿಸಿದರೆ ಉತ್ತರ ವ್ಯಾಟ್‌ನಲ್ಲಿ ಬರುತ್ತದೆ. ಎರಡನೆಯದು ನೀರು ಕಾಯಿಸಿ ಮನೆ ಬೆಚ್ಚಗಿಡಲು ಈಗಿರುವ ಬಾಯ್ಲರ್‌ನ ಮೀಟರ್. ಚಳಿ ಒಂದೇ ಸಮ ಇರುವ ದಿನ 24 ಗಂಟೆಯ ಬಳಕೆ ಬರೆದಿಟ್ಟುಕೊಳ್ಳಿ. ಸ್ನಾನದ ನೀರಿನ ಪಾಲು ಕಳೆದು 120 ಯೂನಿಟ್ ಉರಿದಿದೆ, ಬಾಯ್ಲರ್ ದಕ್ಷತೆ ಶೇ. 85 ಎಂದಿಟ್ಟುಕೊಂಡರೆ ಮನೆಗೆ ಸೇರಿದ್ದು 102 ಯೂನಿಟ್, ಅಂದರೆ ಸರಾಸರಿ 4.25 ಕಿಲೋವ್ಯಾಟ್. ಆ ದಿನ ಹೊರಗೆ 5, ಒಳಗೆ 20 ಡಿಗ್ರಿ ಇದ್ದು, ಅತಿ ಚಳಿಯ ದಿನ ಹೊರಗೆ ಮೈನಸ್ 5 ಆಗುವುದಾದರೆ 4.25ನ್ನು 25ರಿಂದ ಗುಣಿಸಿ 15ರಿಂದ ಭಾಗಿಸಬೇಕು. ಸುಮಾರು 7 ಕಿಲೋವ್ಯಾಟ್. ಎರಡು ಲೆಕ್ಕಗಳ ನಡುವೆ ಭಾರಿ ವ್ಯತ್ಯಾಸ ಬಂದರೆ ತಪ್ಪು ಸಾಮಾನ್ಯವಾಗಿ ಗಾಳಿ ಸೋರಿಕೆಯ ಊಹೆಯಲ್ಲೇ ಇರುತ್ತದೆ. ಮೀಟರ್ ಹೇಳಿದ್ದನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನು ನೀರಿನ ತಾಪ. ಚಳಿ ಜೋರಾಗಿರುವಾಗ ಹಳೆಯ ಬಾಯ್ಲರ್‌ನ ನೀರಿನ ತಾಪವನ್ನು 50 ಡಿಗ್ರಿಗೆ ಇಳಿಸಿ, ಎರಡು ಮೂರು ದಿನ ಹಗಲೂ ರಾತ್ರಿ ಬಿಡದೆ ಓಡಿಸಿ. ಮನೆ ಬೆಚ್ಚಗೇ ಉಳಿದರೆ ರೇಡಿಯೇಟರ್ ಬದಲಿಸುವ ಗೋಜೇ ಇಲ್ಲ. ಒಂದೆರಡು ಕೋಣೆ ಮಾತ್ರ ತಣ್ಣಗಾದರೆ ಅಲ್ಲಿಗಷ್ಟೇ ದೊಡ್ಡದು ಹಾಕಿಸಿದರೆ ಸಾಕು. ಇಲ್ಲಿ ಕ್ಯಾಟಲಾಗ್ ಅಂಕಿ ನೋಡಿ ಮೋಸಹೋಗುವವರು ಬಹಳ. ರೇಡಿಯೇಟರ್‌ನ ವ್ಯಾಟ್ ಅಳತೆ ಕೊಡುವುದು ನೀರಿನ ಸರಾಸರಿ ತಾಪಕ್ಕೂ ಕೋಣೆಗೂ 50 ಡಿಗ್ರಿ ಅಂತರ ಇದ್ದಾಗಿನದು. ನೀರು 45ಕ್ಕೆ ಹೋಗಿ 40ಕ್ಕೆ ಮರಳಿದರೆ, 20 ಡಿಗ್ರಿಯ ಕೋಣೆಯಲ್ಲಿ ಅಂತರ ಬರೀ 22.5. ಆಗ 1000 ವ್ಯಾಟ್‌ನ ರೇಡಿಯೇಟರ್ ಕೊಡುವುದು ಹೆಚ್ಚುಕಡಿಮೆ 350 ವ್ಯಾಟ್. ನೆಲದಡಿ ಪೈಪ್ ಹಾಕಿದ ಮನೆಗೆ 35 ಡಿಗ್ರಿಯೇ ಸಾಕಾಗುವುದುಂಟು.

ಪೈಪ್ ದಪ್ಪವನ್ನೂ ಆಗಲೇ ನೋಡಿಬಿಡಬೇಕು. ಹೀಟ್ ಪಂಪ್‌ನಲ್ಲಿ ಹೋಗುವ ನೀರಿಗೂ ಮರಳುವ ನೀರಿಗೂ 5 ಡಿಗ್ರಿಯಷ್ಟೇ ಅಂತರ ಇಟ್ಟರೆ 7 ಕಿಲೋವ್ಯಾಟ್ ಸಾಗಿಸಲು ನಿಮಿಷಕ್ಕೆ 20 ಲೀಟರ್ ಹರಿಯಬೇಕು. 22 ಮಿ.ಮೀ. ತಾಮ್ರದ ಪೈಪ್‌ನಲ್ಲಿ ಅದು ಸೆಕೆಂಡಿಗೆ 1 ಮೀಟರ್ ವೇಗ ದಾಟಿ ಸದ್ದು ಮಾಡುತ್ತದೆ. ಮುಖ್ಯ ಲೈನಿಗೆ 28 ಮಿ.ಮೀ. ಹಾಕಿಸಿದರೆ ನಿಶ್ಚಿಂತೆ. ಹರಿವು ಸಾಲದಿದ್ದರೆ ಯಂತ್ರ ಮತ್ತೆ ಮತ್ತೆ ಆನ್-ಆಫ್ ಆಗುತ್ತದೆ. ದೂರು ಮಾತ್ರ ಕಂಪ್ರೆಸರ್ ಮೇಲೆ ಬರುತ್ತದೆ.

ಈಗ ಬಗೆಗಳ ವಿಚಾರ. ಮನೆಯಲ್ಲಿ ನೀರಿನ ಪೈಪ್ ವ್ಯವಸ್ಥೆಯೇ ಇಲ್ಲದಿದ್ದು, ಒಳಗೆಲ್ಲ ತೆರೆದ ವಿನ್ಯಾಸವಿದ್ದರೆ ಗಾಳಿಯಿಂದ ಗಾಳಿಗೆ ಶಾಖ ಕೊಡುವ ಸ್ಪ್ಲಿಟ್ ಯಂತ್ರ ಸಾಕು. ಬೇಸಿಗೆಯಲ್ಲಿ ಅದೇ ಏಸಿ ಆಗುತ್ತದೆ. ಬಾಗಿಲು ಮುಚ್ಚಿದ ಕೋಣೆಗೆ ಮಾತ್ರ ಬಿಸಿ ತಲುಪದು, ಸ್ನಾನದ ನೀರಿಗೆ ಬೇರೆ ದಾರಿ ನೋಡಿಕೊಳ್ಳಬೇಕು.

ರೇಡಿಯೇಟರ್ ಇರುವ ಹೆಚ್ಚಿನ ಮನೆಗಳಿಗೆ ಗಾಳಿಯಿಂದ ನೀರಿಗೆ ಶಾಖ ಕೊಡುವ ಬಗೆಯೇ ಸರಿ. ಅದರ ನಿಜವಾದ ಪರೀಕ್ಷೆ ಒಣ ಚಳಿಯಲ್ಲಿ ಆಗುವುದಿಲ್ಲ. 0ಯಿಂದ 5 ಡಿಗ್ರಿಯ ತೇವದ ದಿನಗಳಲ್ಲಿ ಹೊರಘಟಕದ ರೆಕ್ಕೆಗಳ ಮೇಲೆ ಮಂಜು ಕಟ್ಟುತ್ತದೆ, ಅದನ್ನು ಕರಗಿಸಲು ಯಂತ್ರ ಕೆಲವು ನಿಮಿಷ ಮನೆಯೊಳಗಿನ ನೀರಿನ ಶಾಖವನ್ನೇ ವಾಪಸ್ ಎಳೆಯುತ್ತದೆ. ವ್ಯವಸ್ಥೆಯಲ್ಲಿ ಸಾಕಷ್ಟು ನೀರಿಲ್ಲದಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ತಯಾರಕರು ಹೇಳುವ ಕನಿಷ್ಠ ನೀರಿನ ಪ್ರಮಾಣವನ್ನು ಕೇಳಿ ಬರೆಸಿಕೊಳ್ಳಿ.

ನೆಲದಡಿ ಸುಮಾರು 10 ಮೀಟರ್ ಇಳಿದರೆ ತಾಪ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ನೆಲದ ಹೀಟ್ ಪಂಪ್‌ನ ಬಲ ಇದೇ. 7 ಕಿಲೋವ್ಯಾಟ್‌ನಲ್ಲಿ 5.25 ನೆಲದಿಂದ (ಉಳಿದದ್ದು ಕರೆಂಟಿನಿಂದ) ಬರಬೇಕು, ಪೈಪ್ ಇಳಿಸುವ ಬೋರ್‌ನ ಪ್ರತಿ ಮೀಟರ್ 50 ವ್ಯಾಟ್ ಕೊಡುತ್ತದೆ ಎಂದುಕೊಂಡರೆ 105 ಮೀಟರ್ ಕೊರೆಯಬೇಕು. ಒಣ ಮರಳು ಸಿಕ್ಕರೆ ಆ 50 ವ್ಯಾಟ್ ಅರ್ಧಕ್ಕೂ ಇಳಿಯಬಹುದು. ಖರ್ಚು ಉಳಿಸಲು ಬೋರ್ ಗಿಡ್ಡ ಮಾಡಿದರೆ ಸುತ್ತಲಿನ ನೆಲ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತ ಹೋಗುತ್ತದೆ, ಸರಿಪಡಿಸಲು ಮತ್ತೆ ಕೊರೆಯುವುದೇ ಗತಿ. ಅಡ್ಡಲಾಗಿ ಹೂಳುವ ಪೈಪ್‌ಗೆ ಚದರ ಮೀಟರಿಗೆ 20 ವ್ಯಾಟ್ ಲೆಕ್ಕದಲ್ಲಿ 260 ಚದರ ಮೀಟರ್ ಬಯಲು ಬೇಕು, ಅದರ ಮೇಲೆ ಕಟ್ಟಡ ಕಟ್ಟುವ ಹಾಗಿಲ್ಲ. ಚಳಿ ದೀರ್ಘವಾಗಿದ್ದು ಮನೆಗೆ ಬೇಕಾದ ಶಾಖ ಹೆಚ್ಚಿದ್ದರೆ ಮಾತ್ರ ನಾನು ಇದಕ್ಕೆ ಹೂಂ ಎನ್ನುವುದು.

ಬೇಕಿರುವುದು ಬರೀ ಸ್ನಾನದ ನೀರಾದರೆ ಟ್ಯಾಂಕ್ ಜೊತೆಗಿರುವ ಚಿಕ್ಕ ಹೀಟ್ ಪಂಪ್ ಸಾಕು. 200 ಲೀಟರ್ ನೀರನ್ನು 20ರಿಂದ 55 ಡಿಗ್ರಿಗೆ ಏರಿಸಲು 8 ಯೂನಿಟ್‌ಗಿಂತ ತುಸು ಹೆಚ್ಚು ಶಾಖ ಬೇಕು, ಕರೆಂಟು 2.7 ಯೂನಿಟ್‌ನಷ್ಟು. ಅದು ಇಟ್ಟ ಕೋಣೆಯನ್ನು ತಂಪಾಗಿಸುತ್ತದೆ, ಹಾಗಾಗಿ ಬೆಚ್ಚಗಿಡಬೇಕಾದ ಕೋಣೆಯಲ್ಲಿ ಇಡಬೇಡಿ.

ಮಾಡೆಲ್ ಆರಿಸುವಾಗ ಹೆಸರಿನಲ್ಲಿರುವ ಅಂಕಿಯನ್ನು ಬಿಟ್ಟು ಕೋಷ್ಟಕ ಓದಿ. ಎ7/ಡಬ್ಲ್ಯೂ35 ಎಂದರೆ ಗಾಳಿ 7, ನೀರು 35 ಡಿಗ್ರಿ. ನಿಮ್ಮ ಅತಿ ಚಳಿಯ ದಿನಕ್ಕೂ ನಿಮಗೆ ಬೇಕಾದ ನೀರಿನ ತಾಪಕ್ಕೂ ಹೊಂದುವ ಸಾಲು ಯಾವುದೋ ಅದರಲ್ಲಿ ಎಷ್ಟು ಕಿಲೋವ್ಯಾಟ್ ಬರುತ್ತದೆ ನೋಡಿ, ಮಂಜು ಕರಗಿಸುವ (ಡಿಫ್ರಾಸ್ಟ್) ನಷ್ಟ ಕಳೆದ ಅಂಕಿಯೇ ಎಂದು ಕೇಳಿ. ಕೆಳಮಿತಿಯನ್ನೂ ಬಿಡಬೇಡಿ. ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳುವ ಇನ್ವರ್ಟರ್ ಯಂತ್ರ 4 ಕಿಲೋವ್ಯಾಟ್‌ಗಿಂತ ಕೆಳಗಿಳಿಯದೆ, ಸಾಧಾರಣ ಚಳಿಯ ದಿನ ಮನೆಗೆ 2 ಸಾಕಾದರೆ ಅದು ದಿನವಿಡೀ ನಿಂತು ಶುರುವಾಗುತ್ತಲೇ ಇರುತ್ತದೆ. "ಇರಲಿ, ಒಂದು ಸೈಜ್ ದೊಡ್ಡದೇ ಹಾಕೋಣ" ಎನ್ನುವವರಿಗೆ ನಾನು ಒಪ್ಪದಿರುವುದು ಇದಕ್ಕೇ.

ಯಂತ್ರದೊಳಗೆ ಸುತ್ತಿ ಶಾಖ ಸಾಗಿಸುವ ಅನಿಲ ಆರ್-290 ಆದರೆ 70 ಡಿಗ್ರಿವರೆಗೂ ನೀರು ಕೊಡುವ ಮಾಡೆಲ್‌ಗಳಿವೆ, ಹಳೆಯ ರೇಡಿಯೇಟರ್ ಬಿಡಲಾಗದ ಮನೆಗೆ ಅನುಕೂಲ. ಆದರೆ ಅದು ಪ್ರೊಪೇನ್, ಹೊತ್ತಿಕೊಳ್ಳುವಂಥದ್ದು, ಗಾಳಿಗಿಂತ ಭಾರ. ಸೋರಿದರೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಹೊರಘಟಕದ ಸುತ್ತ ಚರಂಡಿ ಬಾಯಿ, ನೆಲಮಾಳಿಗೆಯ ಕಿಂಡಿ, ತಗ್ಗಿನ ಕಿಟಕಿ ಎಷ್ಟು ದೂರ ಇರಬೇಕೆಂದು ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಟೇಪ್ ಹಿಡಿದು ಆ ಜಾಗ ಗುರುತು ಮಾಡಿದ ಮೇಲೆಯೇ ಮುಂಗಡ ಕೊಡಿ, ಏಕೆಂದರೆ ಜಾಗ ಸಿಗದಿದ್ದರೆ ಆ ಮಾಡೆಲ್ ಬಿಟ್ಟು ಬೇರೆಯದನ್ನೇ ನೋಡಬೇಕಾಗುತ್ತದೆ.