ತಿರುಗುವ ನಾಯಿಗಳನ್ನು ನಿಲ್ಲಿಸಿದ ಎತ್ತಿನ ಗಂಟೆ

ಲೋಕಾಪುರದ ಕಡೆ ನಮ್ಮ ತೋಟದಲ್ಲಿ ಹದಿನೈದರಷ್ಟು ಮುಧೋಳ ನಾಯಿಗಳಿವೆ. ಕೊಠಡಿಯಲ್ಲಿ ಕೂಡಿ ಹಾಕಿದ ನಾಯಿ ಒಂದೇ ಗೆರೆಯಲ್ಲಿ ತಿರುಗುವುದನ್ನು ಸಾಕುವವರೆಲ್ಲ ಕಂಡಿದ್ದೀರಿ. ನಮ್ಮ ಬಿಳಿ ಹೆಣ್ಣು ನಾಯಿ ಬಾಗಿಲಿನಿಂದ ಮೂಲೆಗೆ, ಮೂಲೆಯಿಂದ ಬಾಗಿಲಿಗೆ ತಿರುಗಿ ಮಣ್ಣಿನ ನೆಲದಲ್ಲಿ ಗೇಣಗಲದ ದಾರಿಯನ್ನೇ ಮಾಡಿಕೊಂಡಿತ್ತು. ಹೊರಳುವ ಜಾಗದಲ್ಲಿ ಗೋಡೆಯ ಸುಣ್ಣ ಅದರ ಭುಜದ ಎತ್ತರಕ್ಕೆ ಸವೆದು ಇಟ್ಟಿಗೆ ಕಾಣುತ್ತಿತ್ತು. ತಿಂದದ್ದೆಲ್ಲ ನಡಿಗೆಗೇ ಹೋಗುತ್ತಿತ್ತು.

ಓಡುವ ಜಾತಿ, ಜಾಗ ಸಾಲದು ಎಂದರು ಎಲ್ಲರೂ. ಜಾಲರಿ, ಕಂಬ, ಕೂಲಿ ಸೇರಿ ನಲವತ್ತು ಸಾವಿರದ ಆಸುಪಾಸು ಸುರಿದು ಅಂಗಳ ದೊಡ್ಡದು ಮಾಡಿಸಿದೆ. ತಿರುಗುವ ಗೆರೆ ಉದ್ದವಾಯಿತು, ಅಷ್ಟೇ. ಬೆಳಗಾವಿಯಿಂದ ನಾಲ್ಕೈದು ಸಾವಿರದ ರಬ್ಬರ್ ಆಟಿಕೆ ತಂದೆ. ಒಂದೆರಡು ದಿನ ಮೂಸಿ ನೋಡಿ ಬಿಟ್ಟವು.

ಆಮೇಲೆ ಎಣಿಸಲು ಕುಳಿತೆ. ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ಅಲಾರಾಂ. ಆ ಕ್ಷಣಕ್ಕೆ ಯಾವ ನಾಯಿ ಮಲಗಿದೆ, ಯಾವುದು ನಿಂತಿದೆ, ಯಾವುದು ತಿರುಗುತ್ತಿದೆ ಎಂದು ಪುಸ್ತಕದಲ್ಲಿ ಗುರುತು. ಬಬೂನ್‌ಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲಿ ವಿವರಿಸಿದ ಪದ್ಧತಿಗಳಲ್ಲಿ ಇದೂ ಒಂದು. ಪಕ್ಕದ ಊರಿನ ಹಿರಿಯ ಸಾಕಣೆದಾರರೊಬ್ಬರು, "ತಮ್ಮಾ, ನಾಯಿ ಸಾಕುತ್ತೀಯೋ, ತಲಾಠಿ ಕೆಲಸ ಮಾಡುತ್ತೀಯೋ?" ಎಂದು ನಕ್ಕರು. ತಲಾಠಿ ಎಂದರೆ ಊರಿನ ಲೆಕ್ಕಪತ್ರ ಬರೆಯುವವ. ನಗಲಿ. ಪುಸ್ತಕ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು: ಮಧ್ಯಾಹ್ನ ಎಲ್ಲವೂ ಮಲಗಿರುತ್ತವೆ, ಸಂಜೆ ಊಟಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಹೆಚ್ಚುಕಡಿಮೆ ಅರ್ಧ ಗುರುತುಗಳು ತಿರುಗಾಟದವು. ತೊಂದರೆ ಜಾಗದ್ದಲ್ಲ, ಕಾಯುವಿಕೆಯದು.

ಹಾಗಾದರೆ ಊಟದ ಹೊತ್ತನ್ನೇ ಬದಲಿಸುತ್ತಿದ್ದರೆ ಕಾಯುವುದು ತಪ್ಪೀತು ಎಂದು ಒಂದು ದಿನ ನಾಲ್ಕಕ್ಕೆ, ಮರುದಿನ ಏಳಕ್ಕೆ ಹಾಕತೊಡಗಿದೆ. ಅನಾಹುತವಾಯಿತು. ಒಂದು ಗಂಟೆಯ ತಿರುಗಾಟ ಇಡೀ ಮಧ್ಯಾಹ್ನಕ್ಕೆ ಹಬ್ಬಿತು. ಬಾವಿಯ ಹತ್ತಿರ ಯಾರೋ ಬಕೆಟ್ ಇಟ್ಟರೂ ಹದಿನೈದೂ ಎದ್ದು ನಿಲ್ಲುತ್ತಿದ್ದವು. ಎರಡು ಗಂಡು ಕಚ್ಚಾಡಿ, ಹೊಲಿಗೆ, ಔಷಧಿಗೆಂದು ಮೂರು ಸಾವಿರ ಕೈಬಿಟ್ಟಿತು.

ಹಳೆಯ ಎತ್ತಿನ ಕೊರಳ ಗಂಟೆ ಕೆಲಸಕ್ಕೆ ಬಂದದ್ದು ಇಲ್ಲಿ. ಹೊತ್ತು ಬದಲಾಗಲಿ, ಆದರೆ ಗಂಟೆ ಬಾರಿಸಿದರೆ ಐದು ನಿಮಿಷದೊಳಗೆ ಊಟ ಮುಂದಿರಲೇಬೇಕು. ಊಟವಿಲ್ಲದೆ ಗಂಟೆಯನ್ನು ಮನೆಯ ಮಕ್ಕಳೂ ಮುಟ್ಟಬಾರದು. ಜೊತೆಗೆ ಖಾಲಿ ಬಕೆಟ್ ಹಿಡಿದು ದಿನಕ್ಕೆ ನಾಲ್ಕಾರು ಸಲ ಸುಮ್ಮನೆ ಅವುಗಳ ಮುಂದೆ ಓಡಾಡಿದೆ. ಕ್ರಮೇಣ ಬಕೆಟ್ಟಿನ ಸದ್ದಿಗೆ ಕಿವಿಯನ್ನೂ ನಿಗುರಿಸದಾದವು. ಗಂಟೆ ಇಲ್ಲ ಎಂದರೆ ಊಟವಿಲ್ಲ, ನೆಮ್ಮದಿಯಾಗಿ ಮಲಗಬಹುದು ಎಂದು ಅವು ಲೆಕ್ಕ ಹಾಕಿಕೊಂಡವು. ಎರಡು ತಿಂಗಳಲ್ಲಿ ತಿರುಗಾಟದ ಗುರುತು ಹತ್ತಕ್ಕೊಂದಕ್ಕಿಂತ ಕೆಳಗಿಳಿಯಿತು. ಮೊದಲ ವಾರ ಗಂಟೆಯ ರೂಢಿ ಹಿಡಿಸುವುದಕ್ಕೆ ನನ್ನದೊಂದು ಉಪಾಯವಿದೆ, ಅದನ್ನು ಬರೆಯುವುದಿಲ್ಲ. ಬಿಳಿಯದು ಈಗಲೂ ಒಮ್ಮೊಮ್ಮೆ ತಿರುಗುತ್ತದೆ. ವರ್ಷಗಟ್ಟಲೆ ಬೇರೂರಿದ್ದು ಪೂರ್ತಿ ಹೋಗುವುದು ಕಷ್ಟ. ಗಂಟೆಯ ಕಾಲದಲ್ಲಿ ಹುಟ್ಟಿದ ಮರಿಗಳಲ್ಲಿ ಆ ಚಾಳಿಯೇ ಇಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಕೆಲವು ದಿನ ಧಾರವಾಡ ಆಕಾಶವಾಣಿ ಹಚ್ಚಿಟ್ಟೆ. ನಾಯಿಗಳಿಗಿಂತ ಕೂಲಿಯವರಿಗೆ ಹೆಚ್ಚು ಹಿಡಿಸಿತು. ಕಟ್ಟೆ ಮಾತ್ರ ಫಲ ಕೊಟ್ಟಿತು. ಇವು ಕಣ್ಣಿನಿಂದ ಬೇಟೆಯಾಡುವ ನಾಯಿಗಳು. ಎದುರಿಗೆ ಗೋಡೆಯಿದ್ದರೆ ಏನು ನೋಡಬೇಕು? ಎರಡೂವರೆ ಅಡಿ ಎತ್ತರಕ್ಕೆ ಕಟ್ಟೆ ಕಟ್ಟಿಸಿ ಮೇಲೆ ಫರಸಿ ಹಾಸಿದೆ, ಎಲ್ಲ ಕೊಠಡಿಗೂ ಸೇರಿ ಹನ್ನೆರಡು ಸಾವಿರದಷ್ಟಾಯಿತು. ಈಗ ಕಬ್ಬಿನ ಗದ್ದೆಯನ್ನು ನೋಡುತ್ತ ಕೂರುತ್ತವೆ. ಬರಿಯ ಕಲ್ಲಿಗೆ ತೆಳು ಚರ್ಮದ ಮೊಣಕೈ ಉಜ್ಜಿ ಗಾಯವಾಗುತ್ತದೆ, ಹಳೆಯ ಕೌದಿ ಹಾಸಿರಿ.

ಊಟದಲ್ಲಿ ಮೂರನೇ ಒಂದು ಪಾಲನ್ನು ಹುಡುಕಿ ತಿನ್ನುವಂತೆ ಮಾಡಿದ್ದೇನೆ. ಗೋವಿನಜೋಳದ ನುಚ್ಚನ್ನು ಚೆಲ್ಲಲು ಬರುವುದಿಲ್ಲ. ಖಡಕ್ ರೊಟ್ಟಿ ಮುರಿದು ರವದಿಯಲ್ಲಿ, ಅಂದರೆ ಕಬ್ಬಿನ ಒಣ ಎಲೆಯಲ್ಲಿ, ಬೆರೆಸಿ, ಒಂದೊಂದೇ ನಾಯಿಯನ್ನು ಬಿಡುತ್ತೇನೆ. ರವದಿಯನ್ನು ಬಿಸಿಲಿಗೆ ಹರವದೆ ತಂದರೆ ಉಣ್ಣಿ ಬರುತ್ತವೆ. ಮಳೆಗಾಲದಲ್ಲಿ ಅದು ಬೂಸು ಹಿಡಿಯುವುದರಿಂದ ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳೇ ಗತಿ, ಒಂದಕ್ಕೆ ಐದು ರೂಪಾಯಿ.