ಕಿವಿಗೆ ಬಿರಡೆ ಮೊದಲು, ಈಡು ಆಮೇಲೆ

ನನ್ನ ಎಡಗಿವಿಯೊಳಗೆ ಒಂದು ಜೀರುಂಡೆ ಇದೆ. ಇಪ್ಪತ್ತು ವರ್ಷದಿಂದ ಅಲ್ಲೇ ಇದೆ. ಹಗಲಲ್ಲಿ ತೆಪ್ಪಗಿರುತ್ತದೆ. ರಾತ್ರಿ ಮಳೆ ನಿಂತು, ಮನೆಯವರೆಲ್ಲ ಮಲಗಿದ ಮೇಲೆ ಜೀಂಯ್ ಅಂತ ಶುರು ಮಾಡುತ್ತದೆ. ಅದು ಒಳಗೆ ಹೊಕ್ಕಿದ್ದು ಕೋವಿಗೆ ಪೂಜೆ ಮಾಡುವ ಕೊಡಗಿನ ಹಬ್ಬ ಕೈಲ್ ಮುಹೂರ್ತದ ಒಂದು ದಿನ, ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ. ಹನ್ನೆರಡು ಬೋರಿನ ಕೋವಿ, ಮೂರು ಈಡು, ಕಿವಿಗೆ ಏನೂ ಇಲ್ಲ. ಕಾಯಿಯೂ ಒಡೆಯಲಿಲ್ಲ ಬಿಡಿ.

ಕೊಡಗಿನಲ್ಲಿ ಕೋವಿ ಅಂದರೆ ಮನೆಯ ಸಾಮಾನು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಮುಂದುವರಿದಿದೆ. ಮಲೆನಾಡಿನ ಬೇರೆ ಕಡೆ ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡವರೂ ಇದ್ದಾರೆ. ನಳಿಗೆಗೆ ತಪ್ಪದೆ ಎಣ್ಣೆ ಹಾಕುವ ನಾವು ಕಿವಿಗೆ ಒಂದು ಚೂರು ಸ್ಪಂಜು ಹಾಕುವುದಿಲ್ಲ. ಈಗಿನ ಹುಡುಗರು ವಿಡಿಯೊ ನೋಡಿ ಬಂದು, ‘ನಳಿಗೆಗೆ ಸೈಲೆನ್ಸರ್ ಹಾಕಿದ್ರೆ ಮುಗೀತಲ್ವಾ?’ ಅಂತ ಕೇಳುತ್ತಾರೆ. ತಮಾಷೆ ಏನೆಂದರೆ, ಬುಲೆಟ್ ಬೈಕಿನ ಸೈಲೆನ್ಸರ್ ಬಿಚ್ಚಿಸಿಕೊಂಡು ಓಡಾಡುವವರೂ ಇವರೇ.

ಸೈಲೆನ್ಸರ್ ಹಾಕಿದರೂ ಮುಗಿಯುವುದಿಲ್ಲ. ಅದರ ಸರದಿ ಕೊನೆಗೆ. ಮೊದಲು ಕಿವಿಯಿಂದಲೇ ಶುರು ಮಾಡೋಣ.

1. ಸದ್ದು ಎಷ್ಟು ಅಂತ ತಿಳಿದುಕೊಳ್ಳಿ

ನಾವು ಮಾತಾಡುವ ಸದ್ದು ಸುಮಾರು 60 ಡೆಸಿಬಲ್. ಗುಂಡಿನಂಥ ಚಿಟಿಕೆ ಹೊತ್ತಿನ ಸದ್ದಿಗೆ 140 ಡೆಸಿಬಲ್ ಅಪಾಯದ ಗೆರೆ. ಅದನ್ನು ದಾಟಿದರೆ ಒಂದೇ ಈಡಿಗೆ ಕಿವಿ ಕೆಡಬಹುದು. ಸಣ್ಣ ಗುಂಡಿನ ಪಾಯಿಂಟ್ 22 ರೈಫಲ್ ಈ ಗೆರೆಯ ಆಸುಪಾಸಿನಲ್ಲಿದೆ. ಹನ್ನೆರಡು ಬೋರಿನ ಕೋವಿ, ದೊಡ್ಡ ರೈಫಲ್‌ಗಳು 150ರಿಂದ 170ರವರೆಗೆ ಹೋಗುತ್ತವೆ. ಡೆಸಿಬಲ್ ಲೆಕ್ಕ ಲೀಟರ್ ಲೆಕ್ಕದ ಹಾಗಲ್ಲ. ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚಿತು ಅಂತ ಅರ್ಥ.

ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳಿವೆ. ಗಾಳಿಗೆ ಮಲಗಿದ ಭತ್ತದ ಪೈರು ಎದ್ದರೂ ಏಳಬಹುದು, ಸತ್ತ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತೆಳು ಸ್ವರಗಳು. ಮಾತು ಕೇಳಿಸುತ್ತದೆ, ಆದರೆ ಸ, ಶ, ತ ಕಾಣೆಯಾಗುತ್ತವೆ. ಹೆಂಡತಿ ‘ಸಾರು’ ಅಂದಿದ್ದು ‘ಆರು’ ಅಂತ ಕೇಳಿಸುತ್ತದೆ. ನಮ್ಮ ಮನೆಯಲ್ಲಿ ಇದರಿಂದ ಆಗಿರುವ ಜಗಳಗಳಿಗೆ ಲೆಕ್ಕವಿಲ್ಲ.

ಕೇಳುವಿಕೆಯ ಪರೀಕ್ಷೆ ಮಾಡಿಸಿಕೊಂಡಾಗ ಪರೀಕ್ಷೆ ಮಾಡಿದ ಹುಡುಗಿ ಗ್ರಾಫ್ ನೋಡಿ ಕೇಳಿದ ಮೊದಲ ಪ್ರಶ್ನೆ: ‘ಸಾರ್, ಕೋವಿ ಬಲ ಹೆಗಲಿಗೆ ಇಡ್ತೀರಾ?’ ನಾನು ಕೋವಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಬಲ ಹೆಗಲಿಗೆ ಕೋವಿ ಒತ್ತಿ ಕೆನ್ನೆ ಇಟ್ಟಾಗ ಎಡಗಿವಿ ನಳಿಗೆಯ ಬಾಯಿ ಕಡೆ ತಿರುಗುತ್ತದೆ. ಬಲಗಿವಿಗೆ ತಲೆಯೇ ಮರೆ. ಅದಕ್ಕೇ ಎಡಗಿವಿಯ ಗೆರೆ 4,000 ಹರ್ಟ್ಸ್ ಅನ್ನುವ ತೆಳು ಸ್ವರದ ಹತ್ತಿರ ಹಳ್ಳಕ್ಕೆ ಬಿದ್ದ ಹಾಗೆ ಇಳಿದಿತ್ತು.

2. ಸ್ಪಂಜಿನ ಬಿರಡೆಯನ್ನು ಸರಿಯಾಗಿ ಹಾಕಿ

ಇದು ಅಗ್ಗದ ಸಾಮಾನು. ಒಂದು ಮಸಾಲೆ ದೋಸೆಯ ದುಡ್ಡಿಗೆ ನಾಲ್ಕಾರು ಜೊತೆ ಬರುತ್ತವೆ. ಆದರೆ ಜಾಸ್ತಿ ಜನ ತಪ್ಪು ಮಾಡುವುದು ಇಲ್ಲೇ. ಕಿವಿಯ ಬಾಯಿಗೆ ಸುಮ್ನೆ ತುರುಕಿ ‘ಹಾಕ್ಕೊಂಡೆ’ ಅನ್ನುತ್ತಾರೆ.

ಮೊದಲು ಕೈ ತೊಳೆಯಿರಿ. ಬಿರಡೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆಯಿರಿ. ಹೂಬತ್ತಿ ಅಲ್ಲ, ಉದ್ದಬತ್ತಿ ಹೊಸೆಯುತ್ತೀರಲ್ಲ, ಹಾಗೆ. ಮಡಿಕೆ ಬೀಳಬಾರದು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಿವಿಯ ನಾಳ ಸೊಟ್ಟಗಿರುತ್ತದೆ, ಎಳೆದರೆ ನೆಟ್ಟಗಾಗುತ್ತದೆ. ಬತ್ತಿಯನ್ನು ಒಳಗೆ ತಳ್ಳಿ, ಬೆರಳನ್ನು ಅಲ್ಲೇ ಒತ್ತಿ ಹಿಡಿದು ನಿಧಾನವಾಗಿ ಮೂವತ್ತರವರೆಗೆ ಎಣಿಸಿ. ಸ್ಪಂಜು ಒಳಗೇ ಉಬ್ಬಿ ನಾಳವನ್ನು ತುಂಬಬೇಕು. ಬೇಗ ಬಿಟ್ಟರೆ ಅದು ಹೊರಗೆ ತೆವಳುತ್ತದೆ.

ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಎರಡೂ ಅಂಗೈಯಿಂದ ಕಿವಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗ ಸದ್ದು ಇನ್ನೂ ತುಂಬಾ ಕಡಿಮೆಯಾದರೆ ಬಿರಡೆ ಕೂತಿಲ್ಲ. ಇನ್ನೊಮ್ಮೆ ಹಾಕಿ. ತೆಗೆಯುವಾಗ ಮೆಲ್ಲಗೆ ತಿರುಗಿಸುತ್ತ ತೆಗೆಯಿರಿ, ಫಟ್ ಅಂತ ಎಳೆಯಬೇಡಿ.

ಹತ್ತಿ ಉಂಡೆ ಲೆಕ್ಕಕ್ಕಿಲ್ಲ. ಅದಕ್ಕಿಂತ ನೋಡಲು ನಿಂತವರು ಬೆರಳಿನಿಂದ ಕಿವಿ ಮುಚ್ಚಿಕೊಳ್ಳುವುದೇ ವಾಸಿ. ಹೊಡೆಯುವವನಿಗೆ ಆ ಅನುಕೂಲ ಇಲ್ಲ, ಎರಡು ಕೈಯೂ ಕೋವಿ ಮೇಲಿರುತ್ತವೆ.

3. ಅದರ ಮೇಲೆ ಇಯರ್‌ಮಫ್

ಹೆಡ್‌ಫೋನಿನ ಹಾಗೆ ಕಾಣುವ ಇಯರ್‌ಮಫ್ ಕೊಳ್ಳುವಾಗ ಬಟ್ಟಲು ತೆಳುವಾಗಿರುವುದನ್ನು ನೋಡಿ. ದಪ್ಪ ಬಟ್ಟಲು ಕೋವಿಯ ಹೆಗಲಿಗೆ ಒತ್ತುವ ಹಿಡಿಗೆ ತಗುಲಿ ಮೇಲೇಳುತ್ತದೆ. ಅಂಗಡಿಯಲ್ಲೇ ಕೋವಿ ಹಿಡಿದ ಹಾಗೆ ಕತ್ತು ಬಾಗಿಸಿ ನೋಡಿ, ನಾಚಿಕೆ ಬೇಡ. ಕನ್ನಡಕದ ದಪ್ಪ ಕಡ್ಡಿ, ಟೋಪಿಯ ಅಂಚು ಮಫ್‌ನ ಮೆತ್ತೆಯ ಕೆಳಗೆ ಸಿಕ್ಕರೂ ಸದ್ದು ನುಗ್ಗಲು ಸಂದು ಸಿಗುತ್ತದೆ.

ಪೊಟ್ಟಣದ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗುತ್ತದೆ ಅನ್ನುವ ಅಂಕಿ) 33 ಅಂತ ಬರೆದಿದ್ದರೆ ಪೂರ್ತಿ 33 ಡೆಸಿಬಲ್ ಕಡಿಮೆಯಾಗುತ್ತದೆ ಅಂದುಕೊಳ್ಳಬೇಡಿ. ಅದು ಪ್ರಯೋಗಾಲಯದ ಅಂಕಿ. ಅಮೆರಿಕದಲ್ಲಿ ಕೆಲಸದ ಜಾಗಗಳಿಗೆ ಹೇಳುವ ಹುಷಾರಿನ ಲೆಕ್ಕ ಹೀಗಿದೆ: 7 ಕಳೆಯಿರಿ, ಉಳಿದದ್ದನ್ನು ಅರ್ಧ ಮಾಡಿ. 33 ಇದ್ದದ್ದು 13ಕ್ಕೆ ಬಂತು. ಬಿರಡೆಯ ಮೇಲೆ ಮಫ್ ಹಾಕಿದರೂ ಎರಡರ ಅಂಕಿ ಕೂಡುವ ಹಾಗಿಲ್ಲ, ಸುಮಾರು 5 ಡೆಸಿಬಲ್ ಹೆಚ್ಚು ಸಿಗುತ್ತದೆ ಅಷ್ಟೆ. ಆ ಐದನ್ನೂ ಬಿಡಬೇಡಿ. ಹನ್ನೆರಡು ಬೋರಿಗೆ, ದೊಡ್ಡ ರೈಫಲಿಗೆ ಎರಡೂ ಬೇಕು.

ದುಡ್ಡಿದ್ದರೆ ಎಲೆಕ್ಟ್ರಾನಿಕ್ ಮಫ್ ತೆಗೆದುಕೊಳ್ಳಿ. ಪಕ್ಕದವರ ಮಾತನ್ನು ಒಳಗೆ ಬಿಡುತ್ತದೆ, ಗುಂಡಿನ ಸದ್ದು ಬಂದ ಕ್ಷಣ ಅಡಗಿಸುತ್ತದೆ. ‘ನಿಲ್ಲಿಸಿ’ ಅಂತ ಕೂಗಿದ್ದು ಕೇಳಿಸುವುದು ಜೀವದ ಪ್ರಶ್ನೆ ಅಲ್ವಾ?

4. ನಿಲ್ಲುವ ಜಾಗ ನೋಡಿ

ತಗಡಿನ ಶೀಟಿನ ಕೆಳಗೆ, ಗೋಡೆ ಪಕ್ಕ ಹೊಡೆದರೆ ಸದ್ದು ವಾಪಸ್ ಕಿವಿಗೇ ಬರುತ್ತದೆ. ಬಯಲು ವಾಸಿ. ಸಾಲಾಗಿ ನಿಂತಾಗ ಪಕ್ಕದವನ ನಳಿಗೆಯ ಬಾಯಿಗಿಂತ ಮುಂದೆ ಹೋಗಬೇಡಿ. ನಳಿಗೆಯ ತುದಿಗೆ ಮಝಲ್ ಬ್ರೇಕ್ ಹಾಕಿದ ರೈಫಲ್ ಇದ್ದರೆ ಇನ್ನೂ ದೂರ ಸರಿಯಿರಿ. ಅದು ಹೆಗಲಿಗೆ ಬೀಳುವ ಒದೆ ಕಡಿಮೆ ಮಾಡಿ ಸದ್ದನ್ನು ಪಕ್ಕಕ್ಕೆ, ಹಿಂದಕ್ಕೆ ತಳ್ಳುತ್ತದೆ.

5. ಇನ್ನು ಸೈಲೆನ್ಸರ್ ವಿಷಯ

ನಮ್ಮ ದೇಶದಲ್ಲಿ ಇದು ಚುಟುಕು ಮಾತು: ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸದ್ದು ಅಡಗಿಸುವ ಸಾಧನವೂ ಬಂದೂಕಿನ ಲೆಕ್ಕಕ್ಕೇ ಬರುತ್ತದೆ. ಕೊಡಗಿನ ವಿನಾಯಿತಿ ಕೋವಿಗೆ, ಇದಕ್ಕಲ್ಲ. ಅಮೆರಿಕದಿಂದ ಊರಿಗೆ ಬರುವ ಅಳಿಯಂದಿರು ಸೂಟ್‌ಕೇಸಿನಲ್ಲಿ ತರುವ ಯೋಚನೆಯನ್ನೂ ಮಾಡಬಾರದು.

ಅಲ್ಲೇ ಇದ್ದು ಅಲ್ಲೇ ಹೊಡೆಯುವವರ ಕಥೆ ಬೇರೆ. ನಾರ್ವೆ, ಫಿನ್ಲೆಂಡ್‌ನ ಬೇಟೆಗಾರರಿಗೆ ಇದು ಮಾಮೂಲಿ ಸಾಮಾನು. ಅಮೆರಿಕದಲ್ಲಿ 42 ರಾಜ್ಯಗಳಲ್ಲಿ ಇಟ್ಟುಕೊಳ್ಳಬಹುದು. ಡಲ್ಲಾಸ್ ಕನ್ನಡಿಗರಿಗೆ ಸಿಗುತ್ತದೆ, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯವರಿಗೆ ಇಲ್ಲ. 1934ರಿಂದ ಇದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. ಆದರೆ ಬೆರಳಚ್ಚು, ಫೋಟೊ, ನೋಂದಣಿ ಹಾಗೇ ಇವೆ. ಎಚ್-1ಬಿ ವೀಸಾದವರು ಇನ್ನೊಂದು ವಿಷಯ ಗಮನಿಸಬೇಕು. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಅವರು ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧ. ವಕೀಲರನ್ನು ಕೇಳದೆ ಅಂಗಡಿಗೆ ಹೋಗಬೇಡಿ.

ಇದನ್ನು ಕಂಡುಹಿಡಿದದ್ದು ಹಿರಾಮ್ ಪರ್ಸಿ ಮ್ಯಾಕ್ಸಿಮ್. 1909ರಲ್ಲಿ ಪೇಟೆಂಟ್ ಸಿಕ್ಕಿತು. ಇವನ ಅಪ್ಪನೇ ಮ್ಯಾಕ್ಸಿಮ್ ಮೆಷಿನ್‌ಗನ್ ಮಾಡಿದವನು. ಆ ಅಪ್ಪನಿಗೆ ಗುಂಡಿನ ಸದ್ದು ಕೇಳೀ ಕೇಳೀ ಕಿವಿ ಹೋಗಿತ್ತು. ಸಾಧನದ ಒಳಗೆ ಇರುವುದು ಸಾಲು ಕೋಣೆಗಳು. ನಳಿಗೆಯಿಂದ ನುಗ್ಗುವ ಬಿಸಿ ಗಾಳಿ ಅಲ್ಲಿ ಹರಡಿ, ತಣಿದು, ನಿಧಾನವಾಗಿ ಹೊರಗೆ ಬರುತ್ತದೆ. ಇಳಿಯುವುದು ಸುಮಾರು 20ರಿಂದ 35 ಡೆಸಿಬಲ್. 165 ಇದ್ದ ರೈಫಲ್ 130ರಿಂದ 145ರ ಹತ್ತಿರಕ್ಕೆ ಬಂತು ಅಷ್ಟೆ. ಸಿನಿಮಾದ ‘ಪುಸ್ಕ್’ ಸದ್ದು ಸುಳ್ಳು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು ಮೀರಿದ ಗುಂಡು ಗಾಳಿ ಸೀಳುವಾಗ ಚಾಟಿ ಬೀಸಿದಂತೆ ಸದ್ದು ಮಾಡುತ್ತದೆ. ಅದನ್ನು ಯಾವ ಸೈಲೆನ್ಸರೂ ತಡೆಯದು. ಪಾಯಿಂಟ್ 22ರಲ್ಲಿ ಕಡಿಮೆ ವೇಗದ ತೋಟಾ ಬಳಸಿದಾಗ ಮಾತ್ರ ನಿಜವಾಗಿಯೂ ಮೆತ್ತಗಾಗುತ್ತದೆ.

ಆರಿಸುವಾಗ ಮೊದಲು ನೋಡಬೇಕಾದ್ದು ಅಳತೆ. ದೊಡ್ಡ ತೂತಿನ ಸೈಲೆನ್ಸರನ್ನು ಸಣ್ಣ ಗುಂಡಿನ ರೈಫಲಿಗೆ ಹಾಕಬಹುದು, ಉಲ್ಟಾ ಆಗದು. ತೂತು ಸರಿಹೋದರೆ ಸಾಲದು, ಆ ತೋಟಾದ ಒತ್ತಡ ತಾಳುತ್ತದೆ ಅಂತ ತಯಾರಕರೇ ಹೇಳಿರಬೇಕು. ಸೈಲೆನ್ಸರನ್ನು ನಳಿಗೆಗೆ ತಿರುಗಿಸಿ ಕೂರಿಸುವ ತಿರುಪಿನ ಮರೆಯ ಲೆಕ್ಕವೂ ಬೇರೆ. ಅಮೆರಿಕದ ಪಾಯಿಂಟ್ 22 ರೈಫಲುಗಳಲ್ಲಿ ಅರ್ಧ ಇಂಚು ವ್ಯಾಸದ, ಇಂಚಿಗೆ 28 ಸುತ್ತಿನ ಮರೆ ಹೆಚ್ಚು, ದೊಡ್ಡ ಗುಂಡಿನ ಪಾಯಿಂಟ್ 308ರಲ್ಲಿ ಐದೆಂಟಾಂಶ ಇಂಚು ವ್ಯಾಸ, ಇಂಚಿಗೆ 24 ಸುತ್ತು. ಯುರೋಪಿನಲ್ಲಿ ಮಿಲಿಮೀಟರ್ ಲೆಕ್ಕ. ಮರೆ ಒಂದು ಕೂದಲಷ್ಟು ಓರೆ ಇದ್ದರೂ ಗುಂಡು ಒಳಗೇ ತಗುಲಿ ಸಾಧನ ಸೀಳಬಹುದು. ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಕೈಲಿ ಸರಳು ತೂರಿಸಿ ನೇರ ಇದೆಯಾ ಅಂತ ನೋಡಿಸಿ.

ಆಮೇಲೆ ತೂಕ. ಅಂಗಡಿಯಲ್ಲಿ ಅಂಗೈ ಮೇಲೆ 400 ಗ್ರಾಂ ಏನೂ ಅನಿಸುವುದಿಲ್ಲ. ನಳಿಗೆಯ ತುದಿಯಲ್ಲಿ ನೇತಾಡಿದರೆ ಗೊತ್ತಾಗುತ್ತದೆ. ನಡೆದು ಬೇಟೆ ಮಾಡುವವರಿಗೆ ಟೈಟಾನಿಯಂ ಹಗುರ. ರೇಂಜಿನಲ್ಲಿ ಬಿಡದೆ ಹೊಡೆಯುವವರಿಗೆ ಉಕ್ಕು ಬಾಳುತ್ತದೆ. ಪಾಯಿಂಟ್ 22ಕ್ಕೆ ಬಿಚ್ಚಿ ತೊಳೆಯುವಂಥದ್ದೇ ಬೇಕು, ಸೀಸದ ಮಸಿ ಬೇಗ ಕಟ್ಟುತ್ತದೆ. ಅರೆ ಸ್ವಯಂಚಾಲಿತ ರೈಫಲಾದರೆ ಹಿಂದಕ್ಕೆ ಬರುವ ಗ್ಯಾಸು ಮುಖಕ್ಕೆ ಹೊಡೆಯುತ್ತದೆ, ಖಾಲಿ ತೋಟಾ ಹಾರುವ ಕಿಂಡಿಯಿಂದಲೂ ಸದ್ದು ಕಿವಿಗೆ ಬರುತ್ತದೆ. ಹಾಗಾಗಿ ಜಾಹೀರಾತಿನ ಡೆಸಿಬಲ್ ಅಂಕಿ ನಳಿಗೆಯ ಬಾಯಲ್ಲಿ ಅಳೆದದ್ದೋ, ಹೊಡೆಯುವವನ ಕಿವಿಯ ಬಳಿ ಅಳೆದದ್ದೋ ಅಂತ ಕೇಳಿ. ಹಾಕಿದ ಮೇಲೆ ಗುರಿ ಸ್ವಲ್ಪ ಜರುಗುತ್ತದೆ, ಮತ್ತೆ ಹೊಂದಿಸಿ. ಹತ್ತು ಈಡಿನ ನಂತರ ಬರಿಗೈಲಿ ಮುಟ್ಟಬೇಡಿ.

ಇಷ್ಟಾದ ಮೇಲೂ ಬಿರಡೆ ತೆಗೆಯುವ ಹಾಗಿಲ್ಲ.

6. ಕಿವಿ ಗುಂಯ್ ಅಂದರೆ

ಹೊಡೆದ ಮೇಲೆ ಕಿವಿ ಕಟ್ಟಿದಂತಾಗಿ ಒಂದು ದಿನದಲ್ಲಿ ಬಿಡದಿದ್ದರೆ ಕಿವಿ, ಮೂಗು, ಗಂಟಲು ವೈದ್ಯರ ಹತ್ತಿರ ಹೋಗಿ. ಕೇಳಿಸುವುದು ತಟ್ಟನೆ ನಿಂತಿದ್ದರೆ, ರಕ್ತ ಬಂದರೆ ಅವತ್ತೇ ಹೋಗಿ. ಏನಾದರೂ ಚಿಕಿತ್ಸೆ ನಾಟುವುದಿದ್ದರೆ ಶುರುವಿನ ದಿನಗಳಲ್ಲೇ. ಮನೆಮದ್ದು ಅಂತ ಬೆಳ್ಳುಳ್ಳಿ ಎಣ್ಣೆ ಬಿಡಬೇಡಿ, ಕಿವಿಯ ತಮಟೆ ಹರಿದಿದ್ದರೆ ಎಣ್ಣೆ ಒಳಗೆ ಹೋಗಿ ಇನ್ನೊಂದು ರಾಮಾಯಣ. ನಾನು ಬಿಟ್ಟಿದ್ದೆ. ಒಂದು ವಾರ ಕಾದೆ. ಜೀರುಂಡೆ ಆ ಎಣ್ಣೆ ಕುಡಿದು ಇನ್ನೂ ಗಟ್ಟಿಮುಟ್ಟಾಯಿತು.