ಇಳಿಸಿ ಹಾಡ್ಯಾನೋ ಇಲ್ಲೋ? ಆಪೆರಾ ಹಾಡನ್ನು ಪೇಟಿಯ ಮೇಲೆ ಅಳೆಯುವ ಬಗೆ

ಆಪೆರಾದ (ಪಾಶ್ಚಾತ್ಯರ ಸಂಗೀತ ನಾಟಕದ) ಹಾಡೊಂದನ್ನು ಕೇಳಿ "ಅಂವಾ ಇಳಿಸಿ ಹಾಡ್ಯಾನ್ರೀ", ಅಂದರೆ ಬರೆದದ್ದಕ್ಕಿಂತ ಕೆಳಗಿನ ಶ್ರುತಿಯಲ್ಲಿ, ಅಂತ ಒಬ್ಬರು. "ಎಲ್ಲಿ ಇಳಿಸ್ಯಾನ? ಮ್ಯಾಲಿನ ಸಾ ಬರೋಬರಿ ಹತ್ತೇತಲ್ಲ" ಅಂತ ಇನ್ನೊಬ್ಬರು. ಧಾರವಾಡದ ಕಿವಿಗೆ ಇಬ್ಬರ ಮಾತೂ ಖರೆ. ನಮ್ಮಲ್ಲಿ ಸಾ ಎಲ್ಲಿಡಬೇಕೆಂಬುದು ಹಾಡುವವರ ಗಂಟಲಿಗೆ ಬಿಟ್ಟ ವಿಷಯ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗಂಗೂಬಾಯಿ ಹಾನಗಲ್ ಅವರ ಧ್ವನಿ ಕೆಳಗಿಳಿಯಿತು. ರಾಗ ಕೆಟ್ಟಿತೆಂದು ಯಾರೂ ಅನ್ನಲಿಲ್ಲ. ಆಪೆರಾದಲ್ಲಿ ಹಾಗಲ್ಲ. ಸಾ ಯಾವ ಮನೆಯಲ್ಲಿ (ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ಬಿಳಿ-ಕರಿ ಪಟ್ಟಿ ಒಂದೊಂದೂ ಒಂದು ಮನೆ) ಇರಬೇಕೆಂದು ರಚನಕಾರನೇ ಬರೆದಿಟ್ಟಿರುತ್ತಾನೆ, ಇಡೀ ವಾದ್ಯವೃಂದ ಅದೇ ಮನೆಯಲ್ಲಿ ನುಡಿಸುತ್ತದೆ. ಹಾಡು ಒಂದು ಮನೆ ಕೆಳಗಿಳಿದರೆ ಸರಿಗಮ ಸಂಬಂಧವೆಲ್ಲ ಹಾಗೇ ಇರುವುದರಿಂದ ನಮ್ಮ ಕಿವಿಗೆ ಅದು ಸಿಗುವುದೇ ಇಲ್ಲ. ಆದ್ದರಿಂದ ವಾದಕ್ಕಿಳಿಯುವ ಮೊದಲು ಪೇಟಿ ತೆಗೆಯಿರಿ.

ಬೇಕಾದದ್ದು ಒಂದು ಪೇಟಿ, ಮೊಬೈಲಿನಲ್ಲಿ ಒಂದು ಟ್ಯೂನರ್ ಆ್ಯಪ್, ಒಂದು ವಹಿ. ಪೇಟಿ ಸ್ಕೇಲ್ ಚೇಂಜರ್ (ಪಟ್ಟಿಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವಂಥದ್ದು) ಆಗಿದ್ದರೆ ಮೊದಲು ಅದರ ಗುಬ್ಬಿಯನ್ನು ಮೂಲ ಜಾಗಕ್ಕೆ ತಂದಿಡಿ. ಹಿಂದಿನ ದಿನ ಯಾರೋ ಭಜನೆಗೆ ಎರಡು ಮನೆ ಸರಿಸಿಟ್ಟು ಹೋಗಿರುತ್ತಾರೆ, ನೀವು ಮರುದಿನ ಒಬ್ಬ ಟೆನರನ (ಎತ್ತರದ ಗಂಡುಧ್ವನಿಯ ಗಾಯಕನ) ಮಾನ ಕಳೆಯುತ್ತೀರಿ. ಕಪ್ಲರ್ (ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಮನೆಯನ್ನೂ ನುಡಿಸುವ ಜೋಡಣೆ) ತೆಗೆದು, ಒಂದೇ ರೀಡ್ ನುಡಿಯುವಂತೆ ಒಂದೇ ಸ್ಟಾಪ್ ಎಳೆಯಿರಿ. ಟ್ಯೂನರನ್ನು 440ಕ್ಕೆ (ಬಿಳಿ 6ರ ಸ್ವರ ಸೆಕೆಂಡಿಗೆ 440 ಸಲ ಕಂಪಿಸುವ ಶ್ರುತಿಗೆ) ಇಟ್ಟು ಬಿಳಿ 6 ಒತ್ತಿ ನೋಡಿ; ಮನೆಗಳ ಹೆಸರು ಮುಂದೆ ಬರುತ್ತವೆ. ಹಳೆಯ ಪೇಟಿಗಳು 15–20 ಸೆಂಟ್ ಆಚೀಚೆ ಇರುವುದು ಮಾಮೂಲು (ಒಂದು ಮನೆಗೆ 100 ಸೆಂಟ್). ಎಷ್ಟಿದೆಯೋ ಬರೆದಿಟ್ಟುಕೊಂಡು ಮುಂದೆ ಲೆಕ್ಕದಲ್ಲಿ ಕಳೆಯಿರಿ. ಭಾತೆಯನ್ನು (ಗಾಳಿ ತಳ್ಳುವ ತಿದಿಯನ್ನು) ಸಮನಾಗಿ ಒತ್ತಿ. ಜೋರು ಮಾಡಿದರೆ ರೀಡಿನ ಸ್ವರ ಕೂದಲೆಳೆಯಷ್ಟು ಇಳಿಯುತ್ತದೆ.

ಇನ್ನು ಹೆಸರುಗಳು. ಪಾಶ್ಚಾತ್ಯರ ಸಿ ನಮ್ಮ ಬಿಳಿ 1. ಅಲ್ಲಿಂದ ಒಂದೊಂದೇ ಮನೆ ಮೇಲೇರಿದರೆ ಕರಿ 1, ಬಿಳಿ 2, ಕರಿ 2, ಬಿಳಿ 3, ಬಿಳಿ 4, ಕರಿ 3, ಬಿಳಿ 5, ಕರಿ 4, ಬಿಳಿ 6, ಕರಿ 5, ಬಿಳಿ 7. ಬಿಳಿ 3 ಮತ್ತು 4ರ ನಡುವೆ, ಬಿಳಿ 7 ಮತ್ತು 1ರ ನಡುವೆ ಕರಿ ಇಲ್ಲ. ಎಣಿಕೆ ತಪ್ಪುವುದು ಹೆಚ್ಚಾಗಿ ಅಲ್ಲೇ. ಟೆನರನ ಆ ಹೆಸರಾಂತ ಮೇಲಿನ ಸಿ ಎಷ್ಟು ಎತ್ತರ ಎಂಬ ಅಂದಾಜು ಬೇಕಿದ್ದರೆ ಹೀಗೆ ನೋಡಿ: ಕರಿ 1ರಲ್ಲಿ ಹಾಡುವ ನಮ್ಮ ಗಂಡುಧ್ವನಿ ತಾರ ಪಂಚಮ ಮುಟ್ಟಿದಾಗ ಕರಿ 4ರಲ್ಲಿರುತ್ತದೆ. ಟೆನರ್ ಅಲ್ಲಿಂದ ಇನ್ನೂ ನಾಲ್ಕು ಮನೆ ಹತ್ತಬೇಕು, ಅದೂ ಮೈಕಿಲ್ಲದೆ, ವಾದ್ಯವೃಂದವನ್ನು ದಾಟಿ.

ಹಾಡುವವರಿಗಿಂತ ಮೊದಲು ಧ್ವನಿಮುದ್ರಿಕೆಯನ್ನು ಅನುಮಾನಿಸಿ. ವೇಗ ನೂರಕ್ಕೆ ಆರರಷ್ಟು ಬದಲಾದರೆ ಸ್ವರ ಒಂದು ಮನೆ ಸರಿಯುತ್ತದೆ. ಕಳೆದ ಶತಮಾನದ ಆರಂಭದ ಟೆನರ್ ಕರೂಸೋ ಕಾಲದ ತಟ್ಟೆಗಳನ್ನು ನಿಮಿಷಕ್ಕೆ 78 ಸುತ್ತಿನವು ಎನ್ನುತ್ತೇವೆ, ಆದರೆ ಮುದ್ರಿಸಿದ ವೇಗ ಒಂದೊಂದಕ್ಕೆ ಒಂದೊಂದು. 73.6ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಇಳಿಸಿ ಹಾಡಿದ ಹಾಡು ಮೂಲದ ಮನೆಯಲ್ಲೇ ಕೇಳಿಸುತ್ತದೆ. ಸೆಕೆಂಡಿಗೆ 24 ಚಿತ್ರದ ಆಪೆರಾ ಸಿನಿಮಾವನ್ನು ಟೀವಿಗಾಗಿ 25ಕ್ಕೆ ಓಡಿಸಿದ್ದರೆ ಸ್ವರ ಸುಮಾರು 70 ಸೆಂಟ್ ಮೇಲೇರಿರುತ್ತದೆ. ಎರಡು ಮನೆಗಳ ನಡುವೆ ಸಿಕ್ಕಿಕೊಂಡ ಸ್ವರ ಕೇಳಿದರೆ ಅದು ಬಹುತೇಕ ಯಂತ್ರದ ಕೆಲಸ. ಹತ್ತು-ಹನ್ನೆರಡು ಸೆಂಟ್ ಮೇಲಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 443ಕ್ಕೆ ಶ್ರುತಿ ಮಾಡಿಕೊಳ್ಳುವ ವಾದ್ಯವೃಂದಗಳಿವೆ. ಹದಿನೆಂಟನೇ ಶತಮಾನದ ರಚನಕಾರ ಹ್ಯಾಂಡೆಲ್ ಕಾಲದ ಕೃತಿಗಳನ್ನು ಹಳೆಯ ಪದ್ಧತಿಯಂತೆ 415ರಲ್ಲಿ ನುಡಿಸುವ ತಂಡಗಳು ಇಡೀ ನಾಟಕವನ್ನೇ ಒಂದು ಮನೆ ಕೆಳಗಿಟ್ಟಿರುತ್ತವೆ, ಅದನ್ನು ಇಳಿಸಿದ್ದೆಂದು ಕರೆಯಲಾಗದು. ಮೊಬೈಲಿನ ನಿಧಾನ-ವೇಗದ ಗುಂಡಿ ಸಾಮಾನ್ಯವಾಗಿ ಸ್ವರವನ್ನು ಅಲುಗಿಸುವುದಿಲ್ಲ, ಹಾಗಾಗಿ ಕಷ್ಟದ ಜಾಗವನ್ನು ಧಾರಾಳವಾಗಿ ನಿಧಾನ ಮಾಡಿ ಕೇಳಬಹುದು.

ಅಳತೆ ಕಲಿಯಲು ಪುಚ್ಚೀನಿಯ 'ಲಾ ಬೊಎಮ್' (1896) ಆಪೆರಾದ 'ಕೆ ಜೆಲಿದಾ ಮನೀನಾ' (ಎಂಥ ತಣ್ಣನೆಯ ಪುಟ್ಟ ಕೈ) ತಕ್ಕ ಹಾಡು. ನಾಯಕ ರೊದೋಲ್ಫೋ ಆಗಷ್ಟೇ ಕಂಡ ಮಿಮೀಗೆ ಹಾಡುವುದು ಇದು. ಶುರುವಿನ ಸಾ ಕರಿ 1. ಮೊದಲ ಮೂರು ಪದಗಳ ಅಕ್ಷರಗಳೆಲ್ಲ ಒಂದೇ ಸ್ವರದ ಮೇಲೆ, ಪಂಚಮದ ಮೇಲೆ ಕೂತಿರುತ್ತವೆ. ಅದು ಕರಿ 4. ಹಾಡು ಶುರುವಾದ ಕೂಡಲೇ ಪೇಟಿಯ ಕರಿ 4 ಒತ್ತಿ. ಕೂಡಿಕೊಂಡರೆ ಮೂಲದಲ್ಲೇ ಹಾಡುತ್ತಿದ್ದಾರೆ. ಕರಕರ ಅಂದು, ಬಿಳಿ 5 ಒತ್ತಿದಾಗ ತಣ್ಣಗಾದರೆ ಒಂದು ಮನೆ ಇಳಿಸಿದ್ದಾರೆ. ಐದು ಸೆಕೆಂಡಿನ ಕೆಲಸ. ಖಾತ್ರಿಗೆ ಕೊನೆಯನ್ನೂ ನೋಡಿ: ಹಾಡು ಮುಗಿಯುವ ಹೊತ್ತಿಗೆ ಸಾ ಬದಲಾಗಿ ಕರಿ 4ಕ್ಕೆ ಬಂದಿರುತ್ತದೆ, ಇಳಿಸಿದ್ದರೆ ಬಿಳಿ 5ಕ್ಕೆ. 'ಸ್ಪೆರಾನ್ತ್ಸಾ' ಪದದ ಮೇಲಿನ ಆ ಎತ್ತರದ ಸ್ವರ ಮೂಲದಲ್ಲಿ ಬಿಳಿ 1, ಇಳಿಸಿದಾಗ ಬಿಳಿ 7.

ಮೇಲಿನ ಸಿ ಅಂದಕೂಡಲೇ ತಾರ ಸಾ ಎಂದುಕೊಳ್ಳುವುದು ನಮ್ಮವರ ದೊಡ್ಡ ತಪ್ಪು. 'ಬೊಎಮ್'ನಲ್ಲಿ ಆ ಜಾಗದ ಸಾ ಕರಿ 4 ಆದ್ದರಿಂದ ಸಿ ಅಲ್ಲಿ ಗಾಂಧಾರ. ದೊನಿಝೆತ್ತಿಯ 'ಲಾ ಫೀಯ್ ದ್ಯು ರೆಜಿಮಾಂ' ಆಪೆರಾದಲ್ಲಿ ಟೆನರ್ ಪವರೊಟ್ಟಿ 1972ರಲ್ಲಿ ನ್ಯೂಯಾರ್ಕಿನಲ್ಲಿ ಒಂಬತ್ತು ಸಲ ಹೊಡೆದು ಹೆಸರು ಮಾಡಿದ ಸಿ, ಬಿಳಿ 4ರ ಸಾಕ್ಕೆ ಪಂಚಮ. ಸಾ ಆಗಿಯೇ ಬರುವುದು ವೆರ್ದಿಯ 'ಇಲ್ ತ್ರೊವಾತೋರೆ' (1853) ಆಪೆರಾದ 'ದಿ ಕ್ವೆಲ್ಲಾ ಪೀರಾ'ದಲ್ಲಿ. ಮನೆ ಅದೇ, ಸ್ಥಾನ ಬೇರೆ, ಕೇಳುವಾಗಿನ ಹಸಿವೂ ಬೇರೆ: ತ್ರೊವಾತೋರೆಯಲ್ಲಿ ಮನೆಗೆ ಬಂದು ಮುಟ್ಟಿದ ತೃಪ್ತಿ, ಬೊಎಮ್‌ನಲ್ಲಿ ಇನ್ನೂ ಏನೋ ಕೇಳುತ್ತಿರುವ ಗಾಂಧಾರ.

ಇಳಿಸಿದ್ದು ಖಾತ್ರಿಯಾದ ಮೇಲೆ ಅದರಿಂದ ಹಾಡಿಗೆ ಏನಾಯಿತೆಂದು ಕೇಳಬೇಕು. ಬಹಳ ಮಂದಿ ಮೇಲಿನ ಸ್ವರವೊಂದನ್ನೇ ನೋಡಿ ಎದ್ದು ಹೋಗುತ್ತಾರೆ. ಪಿಟೀಲು ಕುಟುಂಬದ ಬಿಟ್ಟ ತಂತಿಗಳ (ಬೆರಳಿಡದೆ ನುಡಿಸುವ ತಂತಿಗಳ) ಕಡೆ ಕಿವಿ ಕೊಡಿ. ಪಿಟೀಲಿನ ನಾಲ್ಕು ತಂತಿ ಬಿಳಿ 5, ಬಿಳಿ 2, ಬಿಳಿ 6, ಬಿಳಿ 3. 'ದಿ ಕ್ವೆಲ್ಲಾ ಪೀರಾ' ಬಿಳಿ 1ರಲ್ಲಿದ್ದಾಗ ಆ ನಾಲ್ಕೂ ಹಾಡಿನ ಸ್ವರಗಳೇ. ವಾದ್ಯ ತಾನಾಗಿ ಮೊರೆಯುತ್ತದೆ. ಬಿಳಿ 7ಕ್ಕೆ ಇಳಿಸಿದರೆ ಬಿಳಿ 3 ಒಂದೇ ಉಳಿಯುತ್ತದೆ, ಯುದ್ಧದ ಹಾಡಿಗೆ ಕಂಬಳಿ ಹೊದಿಸಿದಂತಾಗುತ್ತದೆ. 'ಕೆ ಜೆಲಿದಾ ಮನೀನಾ'ದಲ್ಲಿ ಲೆಕ್ಕ ತಿರುಗುಮುರುಗು. ಶುರುವಿನ ಕರಿ 1ರಲ್ಲಿ ಒಂದು ಬಿಟ್ಟ ತಂತಿಯೂ ಸ್ವರಕ್ಕೆ ಕೂಡುವುದಿಲ್ಲ, ಎಲ್ಲವನ್ನೂ ಬೆರಳಿಟ್ಟೇ ನುಡಿಸಬೇಕು. ಕತ್ತಲ ಕೋಣೆಯಲ್ಲಿ ತಣ್ಣನೆಯ ಕೈ ಹಿಡಿದ ಆ ಮೆಲುದನಿ ಹುಟ್ಟುವುದರಲ್ಲಿ ಅದರ ಪಾಲೂ ಇದೆ. ಬಿಳಿ 1ಕ್ಕೆ ಇಳಿಸಿದರೆ ನಾಲ್ಕು ತಂತಿಯೂ ಬಿಡುಗಡೆಯಾಗಿ ಕೋಣೆಯಲ್ಲಿ ದೀಪ ಹಚ್ಚಿದಂತಾಗುತ್ತದೆ. ಇಳಿಸಿದರೆ ಹಾಡು ಮಂಕಾಗುತ್ತದೆ ಎಂಬ ಸಾರಾಸಗಟು ಮಾತು ಇಲ್ಲಿಗೆ ಬಿದ್ದುಹೋಯಿತು.

ಗಂಟಲಿನ ಲೆಕ್ಕ ಇನ್ನೊಂದು. ಟೆನರ್ ಧ್ವನಿ ಬಿಳಿ 4ರಿಂದ ಬಿಳಿ 5ರ ಆಸುಪಾಸಿನಲ್ಲಿ ಒಂದು ಹೊಸ್ತಿಲು ದಾಟುತ್ತದೆ. ಹೊಸ್ತಿಲ ಮೇಲೇ ನಿಂತು ಮೆಲ್ಲಗೆ ಹಾಡುವುದು ಎತ್ತರದಲ್ಲಿ ಕೂಗುವುದಕ್ಕಿಂತ ತ್ರಾಸಿನದು. ಬೊಎಮ್‌ನ ಮೊದಲ ಸಾಲು ಮೂಲದಲ್ಲಿ ಹೊಸ್ತಿಲಿನ ಆಚೆ, ಇಳಿಸಿದಾಗ ಬರೋಬರಿ ಅದರ ಮೇಲೆ. ತುದಿಯ ಸ್ವರ ಸಸಾರವಾಗಲೆಂದು ಇಳಿಸಿದವನು ಮೊದಲ ಸಾಲಿನಲ್ಲಿ ದಂಡ ತೆರಬೇಕಾದೀತು. ಆ ಸಾಲನ್ನು ಎರಡು ಸಲ ಕೇಳಿ: ಸ್ವರ ಅಲುಗಿತೋ, ಬಣ್ಣ ಬದಲಾಯಿತೋ.

ಹಾಡಿನ ಹಿಂದು-ಮುಂದಿನ ಜೋಡಣೆಯನ್ನೂ ನೋಡಬೇಕು. ಕಂಪನಿ ನಾಟಕದಲ್ಲಿ ಕರಿ 4ರ ಪಾತ್ರಧಾರಿಣಿಯ ಜಾಗಕ್ಕೆ ಬಿಳಿ 5ರಾಕಿ ಬಂದರೆ ಪೇಟಿ ಮಾಸ್ತರು ಕೈ ಸರಿಸಿಕೊಳ್ಳುತ್ತಾರೆ, ತಬಲಾದವರು ಗಟ್ಟಾ (ಬಾರಿನಡಿಯ ಮರದ ತುಂಡು) ಬಡಿದು ಇಳಿಸಿಕೊಳ್ಳುತ್ತಾರೆ, ಮಾತು ಮುಗಿಯಿತು. ಆಪೆರಾದಲ್ಲಿ ಪ್ರತಿ ವಾದಕನಿಗೂ ಬೇರೆ ಹಾಳೆ ಬೇಕು, ಮುಂದಿನ ಹಾಡಿನ ಮನೆಯಂತೂ ಬದಲಾಗುವುದಿಲ್ಲ. ರೊದೋಲ್ಫೋ ಕರಿ 4ರಲ್ಲಿ ಮುಗಿಸಿದ ಮೇಲೆ ಮಿಮೀಯ ಹಾಡು ಬಿಳಿ 2ರಲ್ಲಿ ಬರುತ್ತದೆ, ಅವನ ಸಾಕ್ಕೆ ಅವಳದು ತೀವ್ರ ಮಧ್ಯಮ. ಇಬ್ಬರೂ ಅಪರಿಚಿತರು, ದೂರ ಇರಬೇಕಾದದ್ದೇ. ಇಳಿಸಿದಾಗ ಅದು ಬಿಳಿ 5ರಿಂದ ಬಿಳಿ 2ಕ್ಕೆ, ಪಂಚಮದ ಹಾದಿ. ಆಕೆ ಮೊದಲೇ ಮನೆಯವಳೆಂಬಂತೆ ಕೇಳಿಸುತ್ತದೆ. ಮೇಲಿನ ಸಿ ತಪ್ಪಿದ್ದಕ್ಕಿಂತ ಇದು ದೊಡ್ಡ ನಷ್ಟ.

"ರಚನಕಾರ ಬರೆದದ್ದನ್ನ ಬಿಟ್ಟ" ಎಂಬ ವಾದ ಹೂಡುವ ಮುನ್ನ ಅವನು ಬರೆದದ್ದು ಏನೆಂದು ನೋಡಿಕೊಳ್ಳಿ. 'ದಿ ಕ್ವೆಲ್ಲಾ ಪೀರಾ'ದ ಮೇಲಿನ ಸಿ ವೆರ್ದಿಯ ಬರಹದಲ್ಲಿಲ್ಲ, ಗಾಯಕರು ಸೇರಿಸಿ ರೂಢಿಯಾದದ್ದು. 2000ದ ಡಿಸೆಂಬರಿನಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ವಾದ್ಯವೃಂದ ನಿರ್ದೇಶಕ ರಿಕಾರ್ದೋ ಮೂತಿಯವರ ಸೂಚನೆಯಂತೆ ಟೆನರ್ ಅದನ್ನು ಬಿಟ್ಟು ಬರೆದಂತೆಯೇ ಹಾಡಿದಾಗ ಮೇಲಂತಸ್ತಿನ ರಸಿಕರು ಕೂಗೆಬ್ಬಿಸಿದ್ದರು. ಬೊಎಮ್‌ನ ಸಿ ಮಾತ್ರ ಪುಚ್ಚೀನಿಯದೇ, ಆದರೆ ಆತ ಕೆಳಗಿನ ದಾರಿಯೊಂದನ್ನೂ ಬರೆದುಕೊಟ್ಟಿದ್ದಾನೆ. ಹೀಗಾಗಿ ಮೂಲದ ಮನೆಯಲ್ಲೇ ಇದ್ದು ಸಿ ಬಿಟ್ಟವನು, ಇಳಿಸಿ ತುದಿ ಮುಟ್ಟಿದವನು, ಎರಡನ್ನೂ ಬೇರೆ ಬೇರೆ ಖಾತೆಗೆ ಹಾಕಿ.

ವಹಿಯಲ್ಲಿ ಒಂದು ಹಾಡಿಗೆ ಇಷ್ಟು ಬರೆದರೆ ಸಾಕು: "ಕೆ ಜೆಲಿದಾ. ಮೂಲ ಕರಿ 1, ಹಾಡಿದ್ದು ಬಿಳಿ 1. ಪೇಟಿ 8 ಸೆಂಟ್ ಕೆಳಗೆ, ಕಳೆದಿದೆ. ವೇಗ ಸರಿ. ತುದಿ ಬಿಳಿ 7, ಗಟ್ಟಿ. ಮೊದಲ ಸಾಲು ಎರಡನೇ ಪದದಲ್ಲಿ ಅಲುಗಿತು. ಮಿಮೀಗೆ ಜೋಡಣೆ ಸಪ್ಪೆ." ಮುಂದಿನ ಸಲ ವಾದಕ್ಕೆ ಕೂತಾಗ ಎದುರಿನವರೂ ತಮ್ಮ ವಹಿ ತರಲಿ.